ಎಡೆಯಲ್ಲಿಟ್ಟ ಬಿಳಿ ಶೂ

ಅಣ್ಣ ತೀರಿಕೊಂಡದ್ದು ಒಂದು ಭಾನುವಾರ ಮಧ್ಯಾಹ್ನ, ಜ್ಞಾನಭಾರತಿ ಕ್ಯಾಂಪಸ್ಸಿನೊಳಗೆ, ಒಂದು ಕಲ್ಲುಬೆಂಚಿನ ಮೇಲೆ. ಅತ್ತಿಗೆಗೆ ಹೇಳಿ ಹೊರಟದ್ದು ಮಾತ್ರ ನನ್ನ ಮನೆಗೆ, ಫಿಲಂ ನೋಡಲು. ಕಾಮಾಕ್ಷಿಪಾಳ್ಯದಿಂದ ಬಸವೇಶ್ವರನಗರಕ್ಕೆ ಬರುವವನಿಗೆ ಜ್ಞಾನಭಾರತಿ ದಾರಿಯಲ್ಲಿ ಸಿಗುವುದಿಲ್ಲ. ಅದು ಎದುರು ದಿಕ್ಕು. ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದನಂತೆ. ನಿದ್ದೆ ಹತ್ತಿದೆ ಎಂದುಕೊಂಡು ಅಲ್ಲಿ ಓಡಾಡುತ್ತಿದ್ದವರು ಬಹಳ ಹೊತ್ತು ಎಬ್ಬಿಸಲಿಲ್ಲ. ಆಸ್ಪತ್ರೆಯವರು ಹೃದಯಾಘಾತ ಎಂದು ಬರೆದುಕೊಟ್ಟರು.

ಮಣ್ಣು ಮಾಡಿ ಬಂದ ಮಾರನೆಯ ದಿನ ಚಿಕ್ಕಪ್ಪ ಅಣ್ಣನ ಸ್ಕೂಟರನ್ನು ಮನೆಗೆ ತಂದು ನಿಲ್ಲಿಸಿದರು. ಗಾಡಿಯ ಕಾಗದಪತ್ರ ಹುಡುಕಲು ಅತ್ತಿಗೆ ಸೀಟು ಎತ್ತಿದರು. ನಾನು ಪಕ್ಕದಲ್ಲೇ ಇದ್ದೆ. ಕಾಗದಗಳ ಮೇಲೆ ಒಂದು ರಟ್ಟಿನ ಡಬ್ಬ. ಡಬ್ಬದೊಳಗೆ ಒಂದು ಜೊತೆ ಬಿಳಿ ಕ್ಯಾನ್ವಾಸ್ ಶೂ, ಶಾಲೆಯ ಮಕ್ಕಳು ಪಿ.ಟಿ. ದಿನ ಹಾಕಿಕೊಳ್ಳುವಂಥದ್ದು. ಹೊಚ್ಚ ಹೊಸದು, ಲೇಸು ಕೂಡ ಪೋಣಿಸಿರಲಿಲ್ಲ. ಅತ್ತಿಗೆ ಒಂದನ್ನು ಎತ್ತಿ ಅಂಗೈ ಮೇಲಿಟ್ಟುಕೊಂಡು ನೋಡಿದರು. ಅಂಗೈಗಿಂತ ಸ್ವಲ್ಪವೇ ಉದ್ದವಿತ್ತು.

ಅಣ್ಣ ಅತ್ತಿಗೆಗೆ ಮಕ್ಕಳಿಲ್ಲ. ನಾನು ಮದುವೆಯೇ ಆಗಲಿಲ್ಲ. ನೆಂಟರಿಷ್ಟರ ಮನೆಗಳಲ್ಲೆಲ್ಲ ಮಕ್ಕಳು ಬೆಳೆದು ಕಾಲೇಜಿಗೆ ಹೋಗುತ್ತಿದ್ದರು. ಅಷ್ಟು ಪುಟ್ಟ ಕಾಲು ನಮಗೆ ಗೊತ್ತಿದ್ದವರ ಪೈಕಿ ಯಾರದ್ದೂ ಇರಲಿಲ್ಲ.

ಖಚಿತವಾಗಿ ಹೇಳಬಲ್ಲದ್ದು ಇಷ್ಟೇ. ಇದರಾಚೆಗೆ ನಾನು ಬರೆಯುವುದನ್ನೆಲ್ಲ ನನ್ನ ನೆನಪು ಕೊಟ್ಟಿದೆ, ಮತ್ತು ನನ್ನ ನೆನಪಿನ ಮೇಲೆ ನನಗೆ ಎಂದೂ ಭರವಸೆ ಇರಲಿಲ್ಲ. ಅದು ನಾನು ಹೇಳಿದ್ದನ್ನು ಮಾಡುತ್ತದೆ. ಅಳುವ ದೃಶ್ಯ ಬೇಕೆಂದರೆ ಅಳಿಸಿ ಕೊಡುತ್ತದೆ, ಮಳೆ ಬೇಕೆಂದರೆ ಮಳೆ ಸುರಿಸುತ್ತದೆ. ಸೀಟು ಎತ್ತಿದಾಗ ಅತ್ತಿಗೆಯ ಕೈ ನಡುಗಿತು ಎಂದು ಮೊದಲ ಸಲ ಬರೆದಿದ್ದೆ. ಹೊಡೆದು ಹಾಕಿದೆ. ನಡುಗಿತೋ ಇಲ್ಲವೋ ನಾನು ನೋಡಿರಲಿಲ್ಲ. ನಾನು ನೋಡುತ್ತಿದ್ದದ್ದು ಶೂಗಳನ್ನು.

ಅಣ್ಣನೂ ನಾನೂ ಕಥೆಯಿಲ್ಲದ ಫಿಲಂಗಳಿಗೆ ಬಿದ್ದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಆಗ ರಾಜಾಜಿನಗರದಲ್ಲಿ ಒಂದು ಸೀಡಿ ಅಂಗಡಿಯಿತ್ತು. ಬಾಡಿಗೆಗೆ ತಂದು, ನೋಡಿ, ವಾಪಸು ಕೊಡುವುದು. ಫೈಟಿಂಗ್ ಪಿಕ್ಚರ್ ಎಂದು ಅಣ್ಣ ತಂದ ಡಬ್ಬದೊಳಗೆ ಬೇರೇನೋ ಇತ್ತು. ಯಾವ ದೇಶದ್ದೋ, ಯಾವ ಭಾಷೆಯೋ. ಒಬ್ಬ ಮುದುಕ ಬಾಗಿಲೊಂದನ್ನು ಬೆನ್ನ ಮೇಲೆ ಹೊತ್ತು ಹೊಲದ ಮಧ್ಯೆ ನಡೆಯುತ್ತಾನೆ. ಹೊಲದ ನಡುವೆ ಅದನ್ನು ನಿಲ್ಲಿಸಿ, ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ ಹೊರಟುಹೋಗುತ್ತಾನೆ. ಅಲ್ಲಿಗೆ ದೃಶ್ಯ ಬದಲಾಯಿತು: ಒಂದು ಮನೆಯವರು ಊಟಕ್ಕೆ ಕೂತಿದ್ದಾರೆ, ಎಲ್ಲರ ಮೊಣಕಾಲವರೆಗೆ ನೀರು. ಸಾರು ಬಡಿಸುತ್ತಿದ್ದಾರೆ. ನೀರಿನ ಬಗ್ಗೆ ಯಾರೂ ಒಂದು ಮಾತೂ ಆಡುವುದಿಲ್ಲ. ಮುದುಕ ಮತ್ತೆ ಬರಲೇ ಇಲ್ಲ.

"ಜಂಪ್ ಹೊಡೀತಾ ಇದೆ ಕಣೋ" ಎಂದ ಅಣ್ಣ. "ಮಧ್ಯ ಮಧ್ಯ ಎಲ್ಲಾ ಹಾರಿಸ್ಕೊಂಡು ಹೋಗ್ತಾ ಇದೆ."

ಡಿಸ್ಕ್ ಕೆಟ್ಟಿದೆ ಎಂದು ನಾವಿಬ್ಬರೂ ನಂಬಿದೆವು. ಅಂಗಡಿಗೆ ಹೋಗಿ ಜಗಳ ಮಾಡಿದೆವು. ಅಂಗಡಿಯವನು ಡಿಸ್ಕನ್ನು ತನ್ನ ಬನಿಯನ್ನಿಗೆ ಉಜ್ಜಿ, ಬೆಳಕಿಗೆ ಹಿಡಿದು, "ಒಂದು ಗೀರಿಲ್ಲ ಗುರು. ನಿಮ್ಮ ಪ್ಲೇಯರ್‌ಗೇ ಏನೋ ಬಡ್ಕೊಂಡಿದೆ" ಎಂದು ಕೈಗೆ ವಾಪಸು ತುರುಕಿದ. ಮತ್ತೆ ಹಾಕಿದೆವು. ಅದೇ ಮುದುಕ, ಅದೇ ಬಾಗಿಲು, ಅದೇ ನೀರು, ಅದೇ ಜಾಗದಲ್ಲಿ. ಹಾರಿಸಿಕೊಂಡು ಹೋಗುತ್ತಿದ್ದದ್ದು ಯಂತ್ರವಲ್ಲ, ಮಾಡಿದವನೇ ಹಾಗೆ ಮಾಡಿದ್ದಾನೆ ಎಂದು ಹೊಳೆದ ಕ್ಷಣ ಅಣ್ಣ ನಕ್ಕ ನಗು ಇವತ್ತಿಗೂ ಕೇಳಿಸುತ್ತದೆ. ಹಾಗೆಂದುಕೊಂಡಿದ್ದೇನೆ. ಬೇರೆ ಯಾವುದೋ ನಗುವನ್ನು ತಂದು ನಾನೇ ಅಲ್ಲಿ ಅಂಟಿಸಿರಲೂಬಹುದು.

ಆ ಫಿಲಂ ನಮಗೆ ಅಷ್ಟು ಯಾಕೆ ಹಿಡಿಸಿತು? ಅಪ್ಪ ಬದುಕಿದ್ದಾಗ ನಮ್ಮ ಮನೆಯಲ್ಲಿ ಕಾರಣವಿಲ್ಲದೆ ಒಂದು ಲೋಟವೂ ಕೆಳಗೆ ಬೀಳುತ್ತಿರಲಿಲ್ಲ. ಬಿದ್ದರೆ ಯಾರದೋ ದೃಷ್ಟಿ, ರಾಹುಕಾಲ, ಹೊಸಿಲ ಮೇಲೆ ಕೂತವರು, ಎಡಗೈಯಲ್ಲಿ ಕೊಟ್ಟವರು. ತಾತನ ರಾಗಿ ಹೊಲ ಶೆಡ್ಡುಗಳಾಗಿ ಒಂದೊಂದರಲ್ಲಿ ಒಂದೊಂದು ಮೆಷಿನ್ ಬಂದು ಕೂತ ಮೇಲೂ ಈ ಕಾರಣಗಳು ಜಾಗ ಖಾಲಿ ಮಾಡಲಿಲ್ಲ. ಅಣ್ಣ ಅಂಥದೊಂದು ಶೆಡ್ಡಿನಲ್ಲಿ ಸ್ಪ್ರಿಂಗ್ ಮಾಡುವ ವರ್ಕ್‌ಶಾಪ್ ಇಟ್ಟ. ನಾನು ಓದಿ, ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾಗಿ, ಕತೆಗಳನ್ನು ಬರೆದು, ಅವುಗಳ ಕೊನೆಯನ್ನು ಕಿತ್ತು ಹಾಕಿ ಪ್ರಕಟಿಸುವವನಾದೆ.

ಅಣ್ಣನಿಗೆ ಮದುವೆಯಾಯಿತು. ಮಕ್ಕಳಾಗಲಿಲ್ಲ. ಆಮೇಲೆ ಕಾರಣಗಳು ಮನೆಗೆ ಮುತ್ತಿಗೆ ಹಾಕಿದವು. ನಾಗದೋಷ, ಹುತ್ತ ಕೆಡವಿ ಶೆಡ್ಡು ಕಟ್ಟಿದ್ದು, ಅತ್ತಿಗೆ ಮದುವೆಗೆ ಮುಂಚೆ ದಪ್ಪ ಇದ್ದದ್ದು, ಮದುವೆಯಾದ ಮೇಲೆ ಸಣ್ಣ ಆದದ್ದು. ಮದುವೆ ಮನೆಗಳಲ್ಲಿ ಹೆಂಗಸರು ಅತ್ತಿಗೆಯ ಹೊಟ್ಟೆಯ ಕಡೆ ನೋಡಿಯೇ "ಏನಮ್ಮಾ, ಏನಾದ್ರೂ ವಿಶೇಷಾನಾ?" ಎನ್ನುತ್ತಿದ್ದರು. ಡಾಕ್ಟರು ಮಾತ್ರ ಇಬ್ಬರಲ್ಲೂ ಯಾವ ತೊಂದರೆಯೂ ಇಲ್ಲ ಎಂದಿದ್ದರು. ಕಾರಣವಿಲ್ಲ ಎಂಬ ಆ ಒಂದೇ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನನ್ನ ಮನೆಗೆ ಬರತೊಡಗಿದ್ದು ಆ ಕಾಲದಲ್ಲಿ. ಮಹಡಿ ಮೇಲಿನ ಪುಟ್ಟ ಬಾಡಿಗೆ ಮನೆ. ಕಿಟಕಿಗೆ ಹಳೇ ಬೆಡ್‌ಶೀಟ್ ಕಟ್ಟಿ ಕತ್ತಲು ಮಾಡುತ್ತಿದ್ದೆ. ಅವನು ಬೆತ್ತದ ಕುರ್ಚಿಯಲ್ಲಿ, ನಾನು ನೆಲದ ಮೇಲೆ. ತೆರೆಯ ಮೇಲೆ ಒಂದು ಬಸ್ಸು ತುಂಬ ಜನ ನಿದ್ದೆ ಮಾಡುತ್ತಿರುತ್ತಾರೆ, ಡ್ರೈವರ್ ಸೀಟು ಖಾಲಿ. ಒಬ್ಬ ಹೆಂಗಸು ಸೀರೆ ಒಣಗಿಸಲು ತಂತಿ ಕಟ್ಟುತ್ತಾ ಕಟ್ಟುತ್ತಾ ಸಮುದ್ರದೊಳಕ್ಕೆ ನಡೆದುಬಿಡುತ್ತಾಳೆ. ಅಣ್ಣ ಚಪ್ಪಲಿ ಬಿಟ್ಟ ಕಾಲುಗಳನ್ನು ಒಂದರ ಮೇಲೊಂದು ಹಾಕಿಕೊಂಡು ಬಾಯಿ ಸ್ವಲ್ಪ ತೆರೆದು ನೋಡುತ್ತಿದ್ದ. ಒಂದು ಸಲ ಹೇಳಿದ, "ಇಲ್ಲಿ ಯಾರೂ ಯಾಕೆ ಅಂತ ಕೇಳಲ್ಲ ನೋಡು. ಎರಡು ಗಂಟೆ ಸುಖ ಕಣೋ."

ಆ ಸುಖ ಎಂಥದ್ದೆಂದು ನಾನು ಪತ್ರಿಕೆಗಳಿಗೆ ದೊಡ್ಡ ಮಾತುಗಳಲ್ಲಿ ಬರೆದಿದ್ದೇನೆ. ಕನಸಿನ ತರ್ಕ, ಕಾರ್ಯಕಾರಣದ ಬಿಡುಗಡೆ, ಬಿಂಬಗಳ ಸ್ವಾತಂತ್ರ್ಯ. ಅಣ್ಣ ಹೇಳಿದ್ದೇ ಸರಿಯಾಗಿತ್ತು. ಅಲ್ಲಿ ಯಾರೂ ಯಾಕೆ ಅಂತ ಕೇಳುವುದಿಲ್ಲ. ಅವನು ಕುರ್ಚಿಯಲ್ಲಿ ಕೂತು ಬಿಡುಗಡೆಯಾಗುತ್ತಿದ್ದ ಹೊತ್ತಿಗೆ ಅತ್ತಿಗೆ ಅದೇ ಪ್ರಶ್ನೆಗಳ ನಡುವೆ ಪಾತ್ರೆ ತೊಳೆಯುತ್ತಿದ್ದರು. ಇದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಸಾವಿನ ಮನೆಗೆ ಮಾತಾಡಿಸಲು ಬರುವವರು ಕೇಳುವುದು ಒಂದೇ: ಹೇಗಾಯ್ತು? ಅಮ್ಮ ಗೋಡೆಗೊರಗಿ ಕೂತು ಬಂದವರಿಗೆಲ್ಲ ಹೇಳಿದರು. ಮೊದಲು ಬಂದವರಿಗೆ ಬೆಂಚು, ಹೆಲ್ಮೆಟ್ಟು, ಆಸ್ಪತ್ರೆ ಮಾತ್ರ ಇತ್ತು. ಜ್ಞಾನಭಾರತಿಗೆ ಯಾಕೆ ಹೋಗಿದ್ದ ಎಂದು ಯಾರೋ ಕೇಳಿದರು. ಶೂ ಸಿಕ್ಕಿದ ಸುದ್ದಿಯನ್ನು ಚಿಕ್ಕಪ್ಪ ಆಗಲೇ ಅಮ್ಮನಿಗೆ ಮುಟ್ಟಿಸಿದ್ದರು. "ಯಾವುದೋ ಬಡವರ ಮಗೂಗೆ ಅಂತ ಶೂ ತಗೊಂಡಿದ್ದ, ಕೊಡಕ್ಕೆ ಹೋಗಿದ್ದ" ಎಂದರು ಅಮ್ಮ. ಮುಂದೆ ಬಂದವರಿಗೆ ಹೇಳುವಾಗ ಆ ಮಗುವಿಗೆ ತಂದೆ ಇರಲಿಲ್ಲ. ಅದರ ಮುಂದಿನವರಿಗೆ ಮಗು ಕೆಂಗೇರಿಯ ಕಡೆಯ ಸರ್ಕಾರಿ ಶಾಲೆಗೆ ಬರಿಗಾಲಲ್ಲಿ ಹೋಗುತ್ತಿತ್ತು. ಅಮ್ಮ ಸುಳ್ಳು ಹೇಳುತ್ತಿರಲಿಲ್ಲ. ಒಂದೊಂದು ಸಲ ಹೇಳುವಾಗಲೂ ಕಥೆ ನುಣ್ಣಗಾಗುತ್ತಿತ್ತು, ಅಷ್ಟೆ. ಬಂದವರು ಕಣ್ಣೊರೆಸಿಕೊಂಡು "ಒಳ್ಳೆಯವರನ್ನೇ ದೇವರು ಬೇಗ ಕರ್ಕೊಳ್ಳೋದು" ಎಂದು ಏಳುತ್ತಿದ್ದರು.

ಹಿತ್ತಲಲ್ಲಿ ಇನ್ನೊಂದು ಕಥೆ ತಯಾರಾಗುತ್ತಿತ್ತು. ಅದನ್ನು ಯಾರೂ ಜೋರಾಗಿ ಹೇಳಲಿಲ್ಲ. ನೀರೊಲೆಯ ಹತ್ತಿರ ಇಬ್ಬರು ಹೆಂಗಸರು ಮಾತಾಡುತ್ತಿದ್ದವರು ನನ್ನನ್ನು ಕಂಡು ಸುಮ್ಮನಾದರು. ಅತ್ತಿಗೆ ಅಡುಗೆಮನೆಯಲ್ಲಿ ಕೂತು ಹಜಾರದ ಕಥೆ, ಹಿತ್ತಲ ಕಥೆ ಎರಡನ್ನೂ ಕೇಳಿಸಿಕೊಳ್ಳುತ್ತಿದ್ದರು.

ಒಂದು ಬೆಳಿಗ್ಗೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದ ಅತ್ತಿಗೆ ನನ್ನನ್ನು ಕರೆದರು. ಕೈಯಲ್ಲಿ ಅಣ್ಣನ ಒದ್ದೆ ಟವೆಲ್ಲು.

"ಅವರ ಫೋನೆಲ್ಲಾ ನೋಡ್ದೆ. ನಾನು, ನೀನು, ವರ್ಕ್‌ಶಾಪು, ಗ್ಯಾಸು. ಅಷ್ಟೇ. ಶೂ ಡಬ್ಬದ ಮೇಲೆ ಅಂಗಡಿ ಹೆಸರೂ ಇಲ್ಲ." ಟವೆಲ್ಲು ಕೊಡವಿದರು. "ನಿನ್ನ ಒಂದು ಮಾತು ಕೇಳ್ತೀನಿ. ನೆಟ್ಟಗೆ ಹೇಳು. ಭಾನುವಾರ ಭಾನುವಾರ ನಿನ್ನ ಮನೆಗೇ ಬರ್ತಿದ್ರಾ?"

"ಬರ್ತಿದ್ದ ಅತ್ತಿಗೆ."

"ಎಲ್ಲಾ ಭಾನುವಾರ?"

"ಹೆಚ್ಚುಕಮ್ಮಿ."

"ಹೆಚ್ಚಾ, ಕಮ್ಮಿನಾ?"

ಮುಚ್ಚಿಡಲು ನನ್ನ ಬಳಿ ಏನೂ ಇರಲಿಲ್ಲ. ನಿಜಕ್ಕೂ ಗೊತ್ತಿರಲಿಲ್ಲ. ಅಣ್ಣ ಬರುವ ಮುಂಚೆ ಫೋನು ಮಾಡುವವನಲ್ಲ. ಬಂದರೆ ಬಂದ, ಬಾರದಿದ್ದರೆ ವರ್ಕ್‌ಶಾಪಿನಲ್ಲಿ ಅರ್ಜೆಂಟ್ ಕೆಲಸವಿರಬೇಕು ಎಂದುಕೊಂಡು ನಾನೊಬ್ಬನೇ ನೋಡುತ್ತಿದ್ದೆ. ಕೆಲವು ಸಲ ನೋಡುತ್ತಾ ನಿದ್ದೆ ಹೋಗಿ, ಎದ್ದಾಗ ಕುರ್ಚಿ ಖಾಲಿ ಇರುತ್ತಿತ್ತು. ಬಂದು ಹೋದನೋ, ಬರಲೇ ಇಲ್ಲವೋ.

"ಆ ದಿನ ಬಿಡು. ಅದರ ಹಿಂದಿನ ವಾರ? ಯುಗಾದಿ ಆದ್ಮೇಲೆ? ಜ್ಞಾಪಿಸ್ಕೊಂಡು ಹೇಳಪ್ಪಾ. ಅವರು ನಿನ್ನ ಹತ್ರಾನೇ ಇದ್ರು ಅಂತ ನೀನೊಬ್ಬ ಹೇಳ್ಬಿಟ್ರೆ ನಂಗೆ ಸಾಕು. ಉಳಿದಿದ್ದಕ್ಕೆ ಏನು ಬೇಕಾದ್ರೂ ಹೇಳ್ಕೊಳ್ಳಲಿ ಇವರು."

ಎರಡು ದಿನ ಟೈಮ್ ಕೊಡಿ ಅತ್ತಿಗೆ ಎಂದೆ. ಮನೆಗೆ ಬಂದು ಕುರ್ಚಿಯ ಎದುರು ಕೂತೆ. ಯಾವ ಫಿಲಂ ಯಾವಾಗ ತೆರೆದೆ ಎಂಬುದು ಕಂಪ್ಯೂಟರಿನಲ್ಲಿತ್ತು. ಪಕ್ಕದಲ್ಲಿ ಯಾರು ಕೂತಿದ್ದರು ಎಂಬುದು ಅದಕ್ಕೆ ಗೊತ್ತಿಲ್ಲ. ಆ ಫಿಲಂಗಳಲ್ಲಿ ಕಥೆ ಇದ್ದಿದ್ದರೆ ಅದರ ಎಳೆ ಹಿಡಿದು ಹೋಗಬಹುದಿತ್ತು. ಹೀರೋ ಸಾಯುವಾಗ ಅಣ್ಣ ಎದ್ದು ನೀರು ಕುಡಿದ, ಕೊಲೆಗಾರ ಯಾರೆಂದು ಮೊದಲೇ ಹೇಳಿಬಿಟ್ಟ, ಅದು ದೀಪಾವಳಿಯ ಹಿಂದಿನ ವಾರ ಎಂದು. ಇವುಗಳಲ್ಲಿ ಮೊದಲಿಲ್ಲ, ಕೊನೆಯಿಲ್ಲ. ಹಿಡಿದುಕೊಳ್ಳಲು ಏನೂ ಇಲ್ಲ. ಬಸ್ಸಿನ ಡ್ರೈವರ್ ಸೀಟು ಖಾಲಿ ಇದ್ದದ್ದನ್ನು ನೋಡಿ ಅಣ್ಣ "ಇವನು ಟೀ ಕುಡಿಯಕ್ಕೆ ಹೋಗವ್ನೆ" ಎಂದದ್ದು ಚೆನ್ನಾಗಿ ನೆನಪಿದೆ. ಅದು ಹೋದ ತಿಂಗಳೋ, ಎಂಟು ವರ್ಷದ ಹಿಂದೋ? ಆಗ ಅವನ ತಲೆ ನರೆತಿತ್ತೇ? ನೆನಪಿನಲ್ಲಿ ಅವನ ತಲೆ ಒಮ್ಮೆ ಕಪ್ಪಗಿದೆ, ಒಮ್ಮೆ ಬೆಳ್ಳಗಿದೆ. ನಾನು ಕೇಳಿದ ಬಣ್ಣವನ್ನು ಅದು ಕೊಡುತ್ತಿದೆ.

ಹಿಂದುಮುಂದಿಲ್ಲದ ಕಾಲವನ್ನು ನಾನು ಇಷ್ಟಪಟ್ಟು ಆರಿಸಿಕೊಂಡಿದ್ದೆ. ಅದು ನನಗೆ ಪೂರ್ತಿಯಾಗಿ ಸಿಕ್ಕಿತ್ತು. ಅಣ್ಣನ ಜೊತೆಗಿನ ಅಷ್ಟೂ ವರ್ಷ ಒಂದೇ ಒಂದು ಭಾನುವಾರವಾಗಿತ್ತು. ಬೆಡ್‌ಶೀಟ್ ಕಟ್ಟಿದ ಕಿಟಕಿ, ಬೆತ್ತದ ಕುರ್ಚಿ, ಒಂದರ ಮೇಲೊಂದು ಹಾಕಿದ ಕಾಲು. ಅದನ್ನು ಬಿಡಿಸಿ ವಾರ ವಾರವಾಗಿ ಜೋಡಿಸಲು ನನ್ನಿಂದಾಗಲಿಲ್ಲ. ಪ್ರಪಂಚದಲ್ಲಿ ಒಬ್ಬರಿಗೆ ಆ ಜೋಡಣೆ ಅನ್ನಕ್ಕಿಂತ ಮುಖ್ಯವಾಗಿ ಬೇಕಿತ್ತು.

ಎರಡು ದಿನ ಕಳೆದ ಮೇಲೆ ಅತ್ತಿಗೆ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅಷ್ಟರಲ್ಲಿ ತಿಥಿ ಬಂತು.

ನಮ್ಮಲ್ಲಿ ತಿಥಿಯ ದಿನ ಸತ್ತವರಿಗೆ ಎಡೆ ಇಡುತ್ತಾರೆ. ಫೋಟೋದ ಮುಂದೆ ಬಾಳೆಲೆ ಹಾಕಿ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಸಾಂಬ್ರಾಣಿ ಹೊಗೆ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹೋದವರು ಬಂದು ಮುಟ್ಟಿಕೊಂಡು ಹೋಗುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ, ಸದ್ದು ಮಾಡಿಕೊಂಡು ಒಳಗೆ ಹೋಗಬೇಕು. ಬಂದವರಿಗೆ ಮುಜುಗರವಾಗಬಾರದು.

ಅಣ್ಣನ ಒಂದು ಒಳ್ಳೆ ಫೋಟೋ ಇರಲಿಲ್ಲ. ಯಾರದೋ ಮದುವೆಯ ಗುಂಪಿನಿಂದ ಮುಖ ಕತ್ತರಿಸಿ ಸ್ಟುಡಿಯೋದವರು ಕೋಟು ಟೈ ಹಾಕಿದ ಯಾರದೋ ಮೈಗೆ ಕೂಡಿಸಿ, ಹಿಂದೆ ನೀಲಿ ಮೋಡ ಹಾಕಿ ಕೊಟ್ಟಿದ್ದರು. ಕುತ್ತಿಗೆ ಅವನದ್ದಾಗಿರಲಿಲ್ಲ. ಜೀವಮಾನದಲ್ಲಿ ಕೋಟು ಹಾಕದವನು ಮೋಡಗಳ ನಡುವೆ ಮದುವೆ ಊಟಕ್ಕೆ ಕಾಯುವ ಮುಖ ಹೊತ್ತು ನಿಂತಿದ್ದ.

ಎಡೆ ಇಡುವ ಜವಾಬ್ದಾರಿ ಸೋದರತ್ತೆಯದು, ಅಪ್ಪನ ತಂಗಿ. ಕೋಣೆಯ ಮಂಚದ ಮೇಲಿದ್ದ ಹೊಸ ಬಟ್ಟೆಯ ಕವರುಗಳನ್ನೆಲ್ಲ ಎತ್ತಿಕೊಂಡು ಒಳಗೆ ಹೋದರು. ಎಡೆ ಇಟ್ಟು, ಹೊರಗೆ ಬಂದು ಬಾಗಿಲು ಮುಚ್ಚಿದರು. ಎಲ್ಲರೂ ಅಂಗಳದಲ್ಲಿ ನಿಂತೆವು. ಪಕ್ಕದ ಶೆಡ್ಡಿನ ಗಾರ್ಮೆಂಟ್ ಯೂನಿಟ್ಟಿನಲ್ಲಿ ಹೊಲಿಗೆ ಮೆಷಿನ್ನುಗಳು ಓಡುತ್ತಿದ್ದವು. ಚಿಕ್ಕಪ್ಪ ಪಿಸುಗುಟ್ಟಿದರು, "ಸಿಗರೇಟ್ ಇಟ್ರಾ? ಬೆಂಕಿಪೊಟ್ಣ ಮರೆತ್ರೆ ಬಂದು ನಮ್ಮನ್ನೇ ಬಯ್ತಾನೆ." ಯಾರೋ ನಕ್ಕು, ನಕ್ಕದ್ದಕ್ಕೆ ನಾಚಿಕೊಂಡರು. ಅತ್ತಿಗೆ ತುಳಸಿಕಟ್ಟೆಗೆ ಆತುಕೊಂಡು ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದರು.

ಸೋದರತ್ತೆ ಬಾಗಿಲು ತಟ್ಟಿದರು. ತೆರೆದರು. ಹೊಗೆ ಸರಿಯಿತು.

ಮೋಡದ ನಡುವೆ ಕೋಟಿನ ಅಣ್ಣ. ಎದುರಿಗೆ ಎಲೆ. ಎಲೆಯ ಮೇಲೆ ಮುದ್ದೆ, ಸಾರು, ಒಬ್ಬಟ್ಟು, ಖಾರಾಬೂಂದಿ. ಎಲೆಯ ಬಲಕ್ಕೆ ಹೊಸ ಪಂಚೆ, ಹೊಸ ಶರ್ಟು, ಸಿಗರೇಟು ಪ್ಯಾಕು, ಬೆಂಕಿಪೊಟ್ಟಣ. ಎಡಕ್ಕೆ, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮೂತಿಯನ್ನು ಫೋಟೋದ ಕಡೆಗೆ ಮಾಡಿಕೊಂಡು, ಎರಡು ಪುಟ್ಟ ಬಿಳಿ ಶೂ.

ನಾವಿಬ್ಬರೂ ವರ್ಷಾನುಗಟ್ಟಲೆ ಕತ್ತಲಲ್ಲಿ ಕೂತು ಹುಡುಕುತ್ತಿದ್ದ ಚಿತ್ರ ಅದು. ಯಾವ ಫಿಲಂನಲ್ಲೂ ಅಷ್ಟು ಸರಿಯಾಗಿ ಸಿಕ್ಕಿರಲಿಲ್ಲ. ತೆರೆಯ ಮೇಲಿದ್ದಿದ್ದರೆ ಅಣ್ಣ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದ.

ಮೊದಲು ಬಾಯಿ ಬಿಟ್ಟದ್ದು ಅಮ್ಮ. "ಅದನ್ಯಾಕೆ ಇಟ್ಟೆ?"

"ಮಂಚದ ಮೇಲೆ ಬಟ್ಟೆ ಜೊತೇಲೇ ಇತ್ತಲ್ಲ ಅತ್ತಿಗೆ" ಎಂದರು ಸೋದರತ್ತೆ, ಅಮ್ಮನಿಗೆ. ಮುಖ ಬಿಳಿಚಿಕೊಂಡಿತ್ತು, ಆದರೂ ಸೋಲಲು ಸಿದ್ಧರಿರಲಿಲ್ಲ. "ಹೊಸದು. ಅವನ ಕೈಯಾರೆ ತಂದಿದ್ದು. ಆಸೆಪಟ್ಟು ತಂದಿದ್ದನ್ನ ಇಡದೆ ಬಿಟ್ರೆ ಜೀವ ಅಲ್ಲೇ ಸುತ್ತಾಡ್ತದೆ. ನಾನೇನು ತಪ್ಪು ಮಾಡ್ದೆ?"

"ಯಾರ ಮೇಲಿನ ಆಸೆಯೋ" ಎಂದಿತು ಹಿಂದಿನಿಂದ ಒಂದು ಗಂಡು ದನಿ. ಯಾರೆಂದು ನನಗೆ ಗೊತ್ತು. ಬರೆಯುವುದಿಲ್ಲ.

ಅತ್ತಿಗೆ ಒಳಗೆ ನಡೆದರು. ಶೂಗಳನ್ನು ಎತ್ತಿ ಬಿಸಾಡುತ್ತಾರೆ ಎಂದು ನಾನು ಕಾದೆ. ಅವರು ಫೋಟೋದ ಮುಂದೆ ಮಂಡಿಯೂರಿ ಕೂತು, ಒಂದು ಶೂ ಸ್ವಲ್ಪ ವಾರೆಯಾಗಿತ್ತು, ಅದನ್ನು ಇನ್ನೊಂದರ ಪಕ್ಕಕ್ಕೆ ಸರಿಯಾಗಿ ಜೋಡಿಸಿಟ್ಟರು. ಕೈ ಮುಗಿದರು. ಎದ್ದು ಬಂದರು. ಇದು ನನ್ನ ನೆನಪಿನ ಕೈವಾಡವಲ್ಲ. ಮನೆ ತುಂಬ ಜನ ನೋಡಿದ್ದಾರೆ, ಕೇಳಿ ದೃಢಪಡಿಸಿಕೊಂಡಿದ್ದೇನೆ.

ಎಡೆಗೆ ಇಟ್ಟ ಹೊಸ ಬಟ್ಟೆಯನ್ನು ಆಮೇಲೆ ಮನೆಯವರು ಉಡುತ್ತಾರೆ. ಪಂಚೆ ಚಿಕ್ಕಪ್ಪನಿಗೆ ಹೋಯಿತು, ಶರ್ಟು ನನಗೆ. ಶೂ ಹಾಕಿಕೊಳ್ಳುವವರು ಯಾರೂ ಇರಲಿಲ್ಲ.

ಅದಾದ ಎಷ್ಟೋ ವಾರಗಳ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಅತ್ತಿಗೆ ನನ್ನ ಮನೆಯ ಮೆಟ್ಟಿಲು ಹತ್ತಿ ಬಂದರು. ಅಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಬಂದದ್ದು ಗೃಹಪ್ರವೇಶದ ಹಾಲು ಉಕ್ಕಿಸಿದ ದಿನ ಮಾತ್ರ. ಸ್ಟೀಲ್ ಡಬ್ಬದಲ್ಲಿ ಚಕ್ಕುಲಿ ತಂದಿದ್ದರು.

"ಅವರು ಎಲ್ಲಿ ಕೂರ್ತಿದ್ರು?"

ಕುರ್ಚಿ ತೋರಿಸಿದೆ. ಕೂತರು. ಸೆರಗು ಸುತ್ತಿಕೊಂಡು, ಬಸ್ಸಿನಲ್ಲಿ ಕೂತವರಂತೆ ನೆಟ್ಟಗೆ.

"ಹಾಕು. ಅವರು ನೋಡಿದ್ದನ್ನೇ ಹಾಕು."

ಬೆಡ್‌ಶೀಟ್ ಕಟ್ಟಿದೆ. ಮುದುಕ ಮತ್ತು ಬಾಗಿಲಿನ ಫಿಲಂ ಹಾಕಿದೆ. ನಮ್ಮ ಮೊದಲಿನದು.

ಅತ್ತಿಗೆ ಆಕಳಿಸಲಿಲ್ಲ, ಫೋನು ನೋಡಲಿಲ್ಲ. ಪೊಲೀಸರು ನೋಡುವ ಹಾಗೆ ನೋಡಿದರು. ಮುದುಕ ಬಾಗಿಲಿಗೆ ಬೀಗ ಹಾಕಿದಾಗ, "ಇವನಿಗೆ ಮನೇಲಿ ಯಾರೂ ಇಲ್ವಾ?"

"ಗೊತ್ತಿಲ್ಲ ಅತ್ತಿಗೆ. ಹೇಳಲ್ಲ."

"ಎಲ್ಲಿಗೆ ಹೋದ?"

"ಅದೂ ಹೇಳಲ್ಲ."

ಊಟದ ದೃಶ್ಯ ಬಂತು. ಮೊಣಕಾಲುದ್ದ ನೀರು. ಬಡಿಸುತ್ತಿದ್ದ ಹೆಂಗಸಿನ ಮೇಲೇ ಅತ್ತಿಗೆಯ ಕಣ್ಣು. "ಊಟ ಮಾಡಿ ಎದ್ದು ಹೋಗ್ತಾರೆ ಇವರೆಲ್ಲ. ಈ ನೀರು ಯಾರು ಬಳೀಬೇಕು? ಇವಳೇ ತಾನೆ?"

ಅಷ್ಟು ಸಲ ನೋಡಿದ್ದರೂ ನಾನು ಆ ಹೆಂಗಸಿನ ಮುಖವನ್ನು ನೋಡಿರಲಿಲ್ಲ. ಆ ದಿನ ನೋಡಿದೆ. ಸುಸ್ತಾಗಿದ್ದಳು. ಅಲ್ಲಿಂದಾಚೆಗೆ ನನಗೆ ಕಾಣಿಸಿದ್ದು ಅವಳೊಬ್ಬಳೇ.

ಫಿಲಂ ಮುಗಿಯಿತು. ಅವು ಮುಗಿಯುವ ಹಾಗೆ, ಮುಗಿದದ್ದು ಗೊತ್ತಾಗದಂತೆ. ನಾನು ಏಳಲಿಲ್ಲ. ಬೀದಿಯಲ್ಲಿ ತರಕಾರಿ ಗಾಡಿಯವನು ಮೈಕಿನಲ್ಲಿ ಕೂಗಿಕೊಂಡು ಹೋದ.

"ಗೊತ್ತಾಯ್ತು ಬಿಡು" ಎಂದರು ಅತ್ತಿಗೆ. "ಇದ್ರಲ್ಲಿ ಯಾರೂ ಯಾರಿಗೂ ಉತ್ತರ ಹೇಳ್ಬೇಕಾಗಿಲ್ಲ. ಅದಕ್ಕೇ ನಿಮ್ಮಿಬ್ಬರಿಗೂ ಇಷ್ಟ."

ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ವಾದ ಮಾಡುತ್ತಿದ್ದೆ. ಕಥೆ ಎಂಬುದು ಹೇಗೆ ನಮಗೆ ಮೋಸ ಮಾಡುತ್ತದೆ, ಕಾರಣಗಳು ಹೇಗೆ ಅವರನ್ನೇ ಇಷ್ಟು ವರ್ಷ ಅರೆದವು ಎಂದೆಲ್ಲ ಹೇಳುತ್ತಿದ್ದೆ. ಅದೆಲ್ಲ ಈಗಲೂ ನಿಜ. ತೆರೆಯ ಮೇಲೆ ನಿಂತ ಬಾಗಿಲು ಯಾರ ಮನೆಯದೂ ಅಲ್ಲ, ಅದಕ್ಕೇ ಅದರ ಹಿಂದೆ ಏನಿದೆಯೆಂದು ತಿಳಿಯದೆ ಇರುವುದು ಸುಖ. ಆ ಸುಖವನ್ನು ಹೊರಗೆ ತರಲು ಬರುವುದಿಲ್ಲ. ಸ್ಕೂಟರಿನ ಸೀಟಿನ ಕೆಳಗೆ ಅದೇ ತಿಳಿಯದಿರುವಿಕೆ ಒಬ್ಬ ಹೆಂಗಸಿನ ಹದಿನಾರು ವರ್ಷದ ಸಂಸಾರವನ್ನು ಸುಳ್ಳೋ ನಿಜವೋ ಎಂದು ತೀರ್ಮಾನವಾಗದಂತೆ ಹಾಗೇ ಬಿಟ್ಟುಬಿಡುತ್ತದೆ.

"ಅತ್ತಿಗೆ, ಅವನು ಬರ್ತಿದ್ದ. ಪ್ರತಿ ವಾರ ಬರ್ತಿದ್ದ" ಎಂದೆ.

ಅವರು ನನ್ನನ್ನು ನೋಡಿದರು. "ಈಗ ಯಾಕಪ್ಪಾ ಇದನ್ನ ಹೇಳ್ತೀಯ" ಎಂದು ಚಕ್ಕುಲಿ ಡಬ್ಬವನ್ನು ಮೇಜಿನ ಮೇಲೆ ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು.

ಆಮೇಲೆ ನಾನು ಅಂಥ ಫಿಲಂ ನೋಡಲು ಹೋಗಲಿಲ್ಲ ಎಂದರೆ ಸುಳ್ಳು. ಪ್ರಯತ್ನಪಟ್ಟೆ. ಸಮುದ್ರದೊಳಕ್ಕೆ ನಡೆಯುವ ಹೆಂಗಸನ್ನು ನೋಡಿದರೆ ದಡದಲ್ಲಿ ಅವಳಿಗಾಗಿ ಕಾಯುವವರು ಯಾರು ಎನಿಸುತ್ತದೆ. ಖಾಲಿ ಡ್ರೈವರ್ ಸೀಟು ಕಂಡರೆ ಅವನ ಮನೆಯವರಿಗೆ ಯಾರು ಫೋನು ಮಾಡಿದರು ಎನಿಸುತ್ತದೆ. ಕಥೆಯಿದ್ದ ಫಿಲಂಗಳನ್ನೂ ಹಾಕಿ ನೋಡಿದೆ. ಅವು ಹಜಾರದಲ್ಲಿ ಗೋಡೆಗೊರಗಿ ಕೂತ ಅಮ್ಮನ ದನಿಯಲ್ಲಿ ಮಾತಾಡುತ್ತವೆ. ಎರಡು ಕಡೆಯೂ ನನಗೆ ಈಗ ಕೂರಲು ಜಾಗವಿಲ್ಲ.

ಹೋದ ತಿಂಗಳು ಕಾಮಾಕ್ಷಿಪಾಳ್ಯದ ಮನೆಗೆ ಹೋಗಿದ್ದೆ. ಅಮ್ಮ ಮಲಗಿದ್ದರು. ಅತ್ತಿಗೆ ಕಾಫಿ ತಂದು ಕೊಟ್ಟರು. ಬಾಗಿಲ ಹೊರಗಿನ ಚಪ್ಪಲಿ ಸ್ಟ್ಯಾಂಡಿನಲ್ಲಿ ಮೇಲಿನ ಸಾಲಿನಲ್ಲಿ ಅಣ್ಣನ ಚಪ್ಪಲಿಗಳಿನ್ನೂ ಇದ್ದವು. ಅವುಗಳ ಪಕ್ಕದಲ್ಲಿ ಆ ಬಿಳಿ ಶೂಗಳು. ಈಗ ಲೇಸು ಪೋಣಿಸಿತ್ತು.

ನಾನು ಅದನ್ನು ನೋಡುತ್ತಿರುವಾಗಲೇ ಕರೆಂಟ್ ಮೀಟರ್ ನೋಡುವವರು ಬಂದರು. ವಯಸ್ಸಾದವರು, ತಿಂಗಳು ತಿಂಗಳು ಬರುವವರಲ್ಲ, ಹೊಸಬರು. ಮೀಟರ್ ಓದಿ, ಬಿಲ್ಲು ಹರಿದು ಅತ್ತಿಗೆಗೆ ಕೊಟ್ಟು ಹೊರಟವರು ನಿಂತರು. ಮೇಲಿನ ಹೂಕುಂಡದಿಂದ ನೀರು ತೊಟ್ಟಿಕ್ಕುತ್ತಿತ್ತು.

"ಮೇಡಂ, ಪಾಪು ಶೂ ಮೇಲೆ ನೀರು ಬೀಳ್ತಾ ಇದೆ ನೋಡಿ. ಬಿಳೀದು, ಕಲೆ ಆದ್ರೆ ಹೋಗಲ್ಲ."

"ಹೌದಲ್ಲಾ" ಎಂದರು ಅತ್ತಿಗೆ. "ನಾಳೆ ಪಿ.ಟಿ. ಬೇರೆ ಇದೆ."

"ಎಷ್ಟನೇ ಕ್ಲಾಸು?"

"ಒಂದನೇ ಕ್ಲಾಸು. ಈ ವರ್ಷ ಸೇರಿಸಿದ್ದು."

"ಒಳ್ಳೇದಾಗಲಿ ಬಿಡಿ" ಎಂದು ಅವರು ಗೇಟು ಹಾಕಿಕೊಂಡು ಹೋದರು.

ಅತ್ತಿಗೆ ಶೂಗಳನ್ನು ಎತ್ತಿಕೊಂಡು, ಸೆರಗಿನಲ್ಲಿ ಒರೆಸಿ, ನೀರು ಬಸಿಯಲೆಂದು ಬಿಸಿಲು ಬೀಳುವ ಕಡೆ ಗೋಡೆಗೆ ಒರಗಿಸಿ ನಿಲ್ಲಿಸಿದರು. ಎರಡರ ನಾಲಿಗೆಯನ್ನೂ ಹೊರಕ್ಕೆಳೆದು ಬಿಡಿಸಿದರು. ನಾನು ಏನಾದರೂ ಕೇಳುತ್ತೇನೆಂದು ಅವರು ಕಾಯುತ್ತಿದ್ದರೋ ಏನೋ. ನಾನು ಕೇಳಲಿಲ್ಲ.

"ಕಾಫಿ ಆರ್ತಾ ಇದೆ" ಎಂದರು. "ಕುಡಿ."